ಕೇಳದೆ ಕಟ್ಟಿದ ಅರಮನೆ



ಮನೆಮಂದಿಯೆಲ್ಲ ಓದುವ ಈ ಪುಟ್ಟ ಪತ್ರಿಕೆಯಲ್ಲಿ 'ಪ್ಲೇಬಾಯ್' ಪತ್ರಿಕೆಯ ಮಾಲೀಕನ ಕಥೆಯೇ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುತ್ತೀರಿ. ಸಹಜ. ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಚಿತ್ರಗಳು, ರೇಷ್ಮೆಯ ನಿಲುವಂಗಿ ತೊಟ್ಟ ಮುದುಕ, ಮತ್ತು ಬೋ ಟೈ ಕಟ್ಟಿದ ಮೊಲದ ಗುರುತು. ಆದರೆ ಇಪ್ಪತ್ತನೆಯ ಶತಮಾನದ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಯಾರೂ ಹ್ಯೂ ಹೆಫ್ನರ್‌ನನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲಾರರು. 2017ರಲ್ಲಿ ಆತ ತೀರಿಕೊಂಡಾಗ ಒಂದು ಕಡೆಯವರು ವಾಕ್ ಸ್ವಾತಂತ್ರ್ಯದ ಯೋಧ ಎಂದರು; ಇನ್ನೊಂದು ಕಡೆಯವರು ಹೆಣ್ಣನ್ನು ಸರಕಾಗಿಸಿದ ವ್ಯಾಪಾರಿ ಎಂದರು. ಆ ಜಗಳ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಎರಡು ಅರ್ಥ. ಪ್ರಶ್ನೆಯನ್ನೂ ಕೇಳುತ್ತೇವೆ, ಉತ್ತರವನ್ನೂ ಕೇಳುತ್ತೇವೆ. ರೇಡಿಯೋದವರಿಗೆ ಈ ಎರಡೂ ಅರ್ಥ ಅನ್ನ ಕೊಡುವ ಅರ್ಥಗಳು. ಧ್ವನಿಮುದ್ರಣ ಯಂತ್ರದ ಗುಂಡಿ ಒತ್ತುವ ಮೊದಲು ಎದುರಿಗಿದ್ದವರ ಒಪ್ಪಿಗೆ ಕೇಳಬೇಕು, ಒತ್ತಿದ ಮೇಲೆ ಅವರ ಮಾತು ಕೇಳಬೇಕು. ಹೆಫ್ನರ್‌ನ ಕಥೆಯನ್ನು ಈ ಒಂದು ಪದ ಹಿಡಿದುಕೊಂಡು ಓದಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ ಎಂದು ನನಗೆ ಅನಿಸಿದೆ.

ಅಡುಗೆಮನೆಯ ಮೇಜಿನಿಂದ

ಹ್ಯೂ ಹೆಫ್ನರ್ ಹುಟ್ಟಿದ್ದು 1926ರ ಏಪ್ರಿಲ್ 9ರಂದು, ಶಿಕಾಗೋ ನಗರದಲ್ಲಿ. ತಂದೆತಾಯಿ ಕಟ್ಟುನಿಟ್ಟಿನ ಮೆಥೊಡಿಸ್ಟ್ ಕ್ರೈಸ್ತರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೈನ್ಯದಲ್ಲಿ ಗುಮಾಸ್ತನ ಕೆಲಸ, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪದವಿ. 'ಎಸ್ಕ್ವೈರ್' ಎಂಬ ಹೆಸರಾಂತ ಪುರುಷರ ಪತ್ರಿಕೆಯಲ್ಲಿ ಪ್ರಚಾರದ ಬರಹ ಬರೆಯುವ ನೌಕರಿ. ಸಂಬಳದಲ್ಲಿ ಐದು ಡಾಲರ್ ಹೆಚ್ಚು ಮಾಡಿ ಎಂದು ಕೇಳಿದ. ಅವರು ಒಲ್ಲೆ ಎಂದರು. ಈತ ಕೆಲಸ ಬಿಟ್ಟ.

ಮನೆಯ ಪೀಠೋಪಕರಣ ಅಡವಿಟ್ಟು 600 ಡಾಲರ್ ಎತ್ತಿದ. ಬಂಧುಮಿತ್ರರನ್ನು ಸುತ್ತಿ, ಒಟ್ಟು 8,000 ಡಾಲರ್ ಕೂಡಿಸಿದ. ಅದರಲ್ಲಿ 1,000 ಡಾಲರ್ ತಾಯಿಯದು. ಮಗ ಮಾಡಹೊರಟ ಪತ್ರಿಕೆಯ ಮೇಲೆ ಆಕೆಗೆ ನಂಬಿಕೆ ಇರಲಿಲ್ಲವಂತೆ, ಮಗನ ಮೇಲೆ ಇತ್ತಂತೆ. ಪತ್ರಿಕೆಗೆ ಮೊದಲು ಇಟ್ಟುಕೊಂಡಿದ್ದ ಹೆಸರು 'ಸ್ಟ್ಯಾಗ್ ಪಾರ್ಟಿ'. 'ಸ್ಟ್ಯಾಗ್' ಎಂಬ ಇನ್ನೊಂದು ಪತ್ರಿಕೆಯ ವಕೀಲರಿಂದ ಎಚ್ಚರಿಕೆಯ ಪತ್ರ ಬಂದದ್ದರಿಂದ ಕೊನೆ ಗಳಿಗೆಯಲ್ಲಿ 'ಪ್ಲೇಬಾಯ್' ಆಯಿತು. ಮೊಲದ ಗುರುತು ಬರೆದುಕೊಟ್ಟವನು ಕಲಾ ನಿರ್ದೇಶಕ ಆರ್ಟ್ ಪಾಲ್.

1953ರ ಡಿಸೆಂಬರ್‌ನಲ್ಲಿ ಮೊದಲ ಸಂಚಿಕೆ ಹೊರಬಂತು. ಮುಖಪುಟದಲ್ಲಿ ತಿಂಗಳು, ವರ್ಷ ಯಾವುದೂ ಇರಲಿಲ್ಲ. ಎರಡನೆಯ ಸಂಚಿಕೆ ಬರುತ್ತದೆಂಬ ಖಾತ್ರಿ ಸ್ವತಃ ಮಾಲೀಕನಿಗೇ ಇರಲಿಲ್ಲ. ಬೆಲೆ 50 ಸೆಂಟ್. 50,000ಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಅದಕ್ಕೆ ಕಾರಣ ಒಂದೇ: ಮರ್ಲಿನ್ ಮನ್ರೋ.

ಇಲ್ಲಿ ಸ್ವಲ್ಪ ನಿಲ್ಲೋಣ. 1949ರಲ್ಲಿ, ಇನ್ನೂ ಹೆಸರು ಮಾಡದ ಹೊತ್ತಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ಮನ್ರೋ ಟಾಮ್ ಕೆಲ್ಲಿ ಎಂಬ ಛಾಯಾಗ್ರಾಹಕನಿಗೆ ನಗ್ನವಾಗಿ ನಿಂತಿದ್ದಳು. ಸಿಕ್ಕಿದ್ದು 50 ಡಾಲರ್. ಸಹಿಯನ್ನೂ ಬೇರೆ ಹೆಸರಿನಲ್ಲಿ ಮಾಡಿದ್ದಳು. ಚಿತ್ರ ಕ್ಯಾಲೆಂಡರ್ ಕಂಪನಿಯೊಂದಕ್ಕೆ ಹೋಯಿತು. 1952ರಲ್ಲಿ, ಆಕೆ ತಾರೆಯಾದ ಮೇಲೆ, ಆ ಚಿತ್ರದಲ್ಲಿರುವವಳು ಯಾರೆಂಬುದು ಬಯಲಾಯಿತು. ಆಕೆ ಅಲ್ಲಗಳೆಯಲಿಲ್ಲ, ಹಣದ ಅಡಚಣೆ ಇತ್ತು ಎಂದು ಒಪ್ಪಿಕೊಂಡಳು. ಶಿಕಾಗೋದ ಹತ್ತಿರವೇ ಇದ್ದ ಆ ಕ್ಯಾಲೆಂಡರ್ ಕಂಪನಿಯಿಂದ ಹೆಫ್ನರ್ 500 ಡಾಲರಿಗೆ ಚಿತ್ರದ ಹಕ್ಕು ಕೊಂಡ. ಕಾನೂನಿನ ದೃಷ್ಟಿಯಲ್ಲಿ ವ್ಯವಹಾರ ಸರಿಯಾಗಿಯೇ ಇತ್ತು. ಆದರೆ ಚಿತ್ರದಲ್ಲಿದ್ದವಳನ್ನು ಯಾರೂ ಕೇಳಲಿಲ್ಲ. ಆಕೆಗೆ ಇದರಿಂದ ಒಂದು ಸೆಂಟ್ ಕೂಡ ಬರಲಿಲ್ಲ. ಹೆಫ್ನರ್ ಆಕೆಯನ್ನು ಜೀವನದಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಅರಮನೆಯ ಅಸ್ತಿವಾರದ ಮೊದಲ ಕಲ್ಲು ಇದು.

ಆ ಕಾಲದ ಅಮೆರಿಕ

ಇಷ್ಟು ಓದಿ ಆತನನ್ನು ತಳ್ಳಿಹಾಕಿಬಿಡುವುದು ಸುಲಭ. ಆದರೆ ಆ ಕಾಲ ಹೇಗಿತ್ತು ಎಂಬುದನ್ನೂ ನೋಡಬೇಕಲ್ಲ. ಇಂದು ಸ್ವಚ್ಛಂದತೆಯ ತವರು ಎಂದು ನಾವು ತಿಳಿದಿರುವ ಅಮೆರಿಕದಲ್ಲಿ ಆಗ 1873ರ ಕಾಮ್‌ಸ್ಟಾಕ್ ಕಾನೂನಿನ ನೆರಳು ಇನ್ನೂ ಇತ್ತು. ಅಶ್ಲೀಲ ಎನಿಸಿದ್ದನ್ನು ಅಂಚೆಯಲ್ಲಿ ಕಳಿಸುವುದು ಅಪರಾಧ. ಕೆಲವು ರಾಜ್ಯಗಳಲ್ಲಿ ಮದುವೆಯಾದ ದಂಪತಿಗಳು ಗರ್ಭನಿರೋಧಕ ಬಳಸುವುದಕ್ಕೂ ಅಡ್ಡಿಯಿತ್ತು. ಆ ಅಡ್ಡಿಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1965ರಲ್ಲಿ. ಆಲ್‌ಫ್ರೆಡ್ ಕಿನ್ಸಿ ಎಂಬ ವಿಜ್ಞಾನಿ 1948ರಲ್ಲಿ ಗಂಡಸರ, 1953ರಲ್ಲಿ ಹೆಂಗಸರ ಲೈಂಗಿಕ ನಡವಳಿಕೆಯ ಬಗ್ಗೆ ವರದಿ ಪ್ರಕಟಿಸಿದಾಗ ದೇಶವೇ ಬೆಚ್ಚಿಬಿತ್ತು. ಜನ ಹೇಳುವುದು ಒಂದು, ಮಾಡುವುದು ಇನ್ನೊಂದು ಎಂಬುದು ಅಂಕಿಸಂಖ್ಯೆಯಲ್ಲಿ ಸಿಕ್ಕಿಬಿದ್ದಿತ್ತು. ಕಾಲೇಜಿನಲ್ಲಿದ್ದಾಗಲೇ ಕಿನ್ಸಿಯ ಮೊದಲ ವರದಿ ಓದಿದ್ದ ಹೆಫ್ನರ್, ಈ ಸೋಗಿನ ಮೇಲೆ ಯುದ್ಧ ಸಾರುತ್ತೇನೆ ಎಂದುಕೊಂಡ.

ಜೊತೆಗೆ ಆತ ಬರೀ ಚಿತ್ರ ಮಾರಲಿಲ್ಲ. ಯುದ್ಧ ಮುಗಿದು ಕೈಯಲ್ಲಿ ಹಣ ಓಡಾಡತೊಡಗಿದ್ದ ನಗರದ ಅವಿವಾಹಿತ ಯುವಕನಿಗೆ ಒಂದು ಬದುಕನ್ನೇ ಮಾರಿದ. ಜಾಝ್ ಸಂಗೀತ, ಒಳ್ಳೆಯ ಸೂಟು, ಹೈ-ಫೈ ಸಂಗೀತ ಯಂತ್ರ, ತನ್ನದೇ ಒಂದು ಅಪಾರ್ಟ್‌ಮೆಂಟ್. ಗಂಡಸೆಂದರೆ ಬೇಟೆ, ಮೀನುಗಾರಿಕೆ, ಅಂಗಳದ ಹುಲ್ಲು ಕತ್ತರಿಸುವುದು ಎಂದಿದ್ದ ಕಾಲದಲ್ಲಿ ಗಂಡಸು ಅಡುಗೆ ಮಾಡಬಹುದು, ಪರದೆಯ ಬಣ್ಣ ಆರಿಸಬಹುದು ಎಂದು ಈ ಪತ್ರಿಕೆ ಹೇಳಿತು. ಆ ಅಂದವಾದ ಮನೆಯ ಸಾಮಾನುಗಳ ಪಟ್ಟಿಯಲ್ಲಿ ಹೆಣ್ಣೂ ಒಂದು ಸಾಮಾನಾಗಿ ಕುಳಿತಳು ಎಂಬುದು ಆಮೇಲೆ ಬಂದ ಆಕ್ಷೇಪಣೆ.

ಕೇಳಿದ ಪುಟಗಳು

'ನಾನು ಪ್ಲೇಬಾಯ್ ಕೊಳ್ಳುವುದು ಲೇಖನ ಓದಲಿಕ್ಕೆ' ಎಂಬುದು ಅಮೆರಿಕದ ಗಂಡಸರ ಹಳೆಯ ನಗೆಮಾತು. ತಮಾಷೆ ಎಂದರೆ, ಓದಬೇಕಾದ ಲೇಖನಗಳು ನಿಜವಾಗಿಯೂ ಇದ್ದವು. ಪುಸ್ತಕ ಸುಡುವ ಸರ್ಕಾರದ ಕಥೆಯಾದ ರೇ ಬ್ರಾಡ್‌ಬರಿಯ 'ಫ್ಯಾರನ್‌ಹೈಟ್ 451' ಕಾದಂಬರಿಯನ್ನು 1954ರಲ್ಲಿ, ಕಮ್ಯುನಿಸ್ಟರ ಬೇಟೆ ಬಿರುಸಾಗಿದ್ದಾಗ, ಮೂರು ಕಂತುಗಳಲ್ಲಿ ಅಚ್ಚು ಹಾಕಿದ್ದು ಇದೇ ಪತ್ರಿಕೆ. 1955ರಲ್ಲಿ ಚಾರ್ಲ್ಸ್ ಬೋಮಾಂಟ್ ಬರೆದ ಒಂದು ಕಥೆ ಪ್ರಕಟವಾಯಿತು. ಸಲಿಂಗಿಗಳೇ ಬಹುಸಂಖ್ಯಾತರಾಗಿದ್ದು, ಗಂಡು ಹೆಣ್ಣನ್ನು ಪ್ರೀತಿಸುವುದೇ ಅಪರಾಧವಾದ ಲೋಕದ ಕಥೆ. ಬೇರೆ ಪತ್ರಿಕೆ ಬೇಡವೆಂದು ಹಿಂತಿರುಗಿಸಿದ ಕಥೆ ಅದು. ಓದುಗರಿಂದ ಕೋಪದ ಪತ್ರಗಳು ಬಂದವು. ಆ ಲೋಕದಲ್ಲಿ ಅದು ತಪ್ಪಾದರೆ ನಮ್ಮ ಲೋಕದಲ್ಲಿ ಇದರ ತಿರುವುಮುರುವೂ ತಪ್ಪೇ ಎಂಬ ಧಾಟಿಯಲ್ಲಿ ಹೆಫ್ನರ್ ಉತ್ತರ ಕೊಟ್ಟ. ಮುಂದೆ ನಬೊಕೊವ್, ಆರ್ಥರ್ ಸಿ. ಕ್ಲಾರ್ಕ್, ಗಾರ್ಸಿಯಾ ಮಾರ್ಕೆಜ್ ಎಲ್ಲರೂ ಈ ಪುಟಗಳಲ್ಲಿ ಬಂದರು.

ರೇಡಿಯೋದವರಾದ ನಮಗೆ ಹೆಚ್ಚು ಹತ್ತಿರವಾಗುವುದು ಅದರ ಸಂದರ್ಶನಗಳು. 1962ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಜಾಝ್ ವಾದಕ ಮೈಲ್ಸ್ ಡೇವಿಸ್ ಜೊತೆಗಿನ ಮಾತುಕತೆಯಿಂದ ಮಾಲಿಕೆ ಶುರುವಾಯಿತು. ಪ್ರಶ್ನೆ ಕೇಳಿದವನು ಅಲೆಕ್ಸ್ ಹೇಲಿ, ಮುಂದೆ 'ರೂಟ್ಸ್' ಬರೆದು ಜಗತ್ಪ್ರಸಿದ್ಧನಾದ ಕಪ್ಪು ಲೇಖಕ. ಮಾತು ಸಂಗೀತದಿಂದ ಹೊರಟು ಬಣ್ಣದ ಅವಮಾನಕ್ಕೆ ಬಂದು ನಿಂತಿತು. ಹೇಲಿ 1963ರಲ್ಲಿ ಮಾಲ್ಕಂ ಎಕ್ಸ್ ಅವರನ್ನೂ 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೂ ಸಂದರ್ಶಿಸಿದ. 1966ರಲ್ಲಿ ಅಮೆರಿಕದ ನಾಜಿ ಪಕ್ಷದ ನಾಯಕ ರಾಕ್‌ವೆಲ್ ಎದುರಿಗೂ ಹೋಗಿ ಕುಳಿತ. ಆ ಮನುಷ್ಯ ಪಕ್ಕದಲ್ಲಿ ಪಿಸ್ತೂಲು ಇಟ್ಟುಕೊಂಡೇ ಮಾತಾಡಿದ. ಹತ್ತಾರು ಪುಟಗಳ ಪ್ರಶ್ನೋತ್ತರಕ್ಕೆ ಜಾಗ ಕೊಡುವ ಧೈರ್ಯ ಆಗ ಹೆಚ್ಚು ಪತ್ರಿಕೆಗಳಿಗೆ ಇರಲಿಲ್ಲ. 1976ರಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದ ಜಿಮ್ಮಿ ಕಾರ್ಟರ್, ಮನಸ್ಸಿನಲ್ಲಿ ಪರಸ್ತ್ರೀಯರನ್ನು ಬಯಸಿದ್ದುಂಟು ಎಂದು ಬಾಯಿಬಿಟ್ಟು ಗೆಲ್ಲುವ ಚುನಾವಣೆಯನ್ನು ಕಷ್ಟ ಮಾಡಿಕೊಂಡದ್ದೂ ಇದೇ ಅಂಕಣದಲ್ಲಿ.

ಈ ಮಾಲಿಕೆಯಲ್ಲಿ ನಮ್ಮ ದೇಶದ ಒಂದು ಅಧ್ಯಾಯವೂ ಇದೆ. 1963ರ ಅಕ್ಟೋಬರ್ ಸಂಚಿಕೆಯಲ್ಲಿ ಜವಾಹರಲಾಲ್ ನೆಹರೂ ಅವರ ಸಂದರ್ಶನ ಎಂದು ಪ್ರಕಟವಾಯಿತು. ಪ್ರಧಾನಿ ಇಂಥ ಸಂದರ್ಶನ ಕೊಟ್ಟಿಲ್ಲ, ಅವರ ಬಹಿರಂಗ ಹೇಳಿಕೆಗಳನ್ನು ಜೋಡಿಸಿ ಹೀಗೆ ಮಾಡಲಾಗಿದೆ ಎಂದು ಭಾರತೀಯ ರಾಯಭಾರ ಕಚೇರಿ ಆಕ್ಷೇಪಿಸಿತು. ಪತ್ರಿಕೆ ವಿವರಣೆ ಕೊಡಬೇಕಾಯಿತು. ಕೇಳುವುದರಲ್ಲಿ ಹೆಸರು ಮಾಡಿದ ಪುಟಗಳಲ್ಲೂ ಒಮ್ಮೆ ಕೇಳದೆ ಪ್ರಕಟಿಸಿದ ಕಥೆ ಇದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ನೆಹರೂ ಅವರ ಪರವಾಗಿ ಮಾತಾಡಲು ಒಂದು ರಾಯಭಾರ ಕಚೇರಿ ಇತ್ತು. ಮನ್ರೋ ಪರವಾಗಿ ಯಾರಿದ್ದರು?

ಜಮಾ ಬದಿಯ ಲೆಕ್ಕ

ಹೆಫ್ನರ್‌ನ ಖಾತೆಯಲ್ಲಿ ಜಮಾ ಆಗಬೇಕಾದ್ದು ಇನ್ನೂ ಇದೆ. ಮೊದಲ ಪ್ಲೇಬಾಯ್ ಕ್ಲಬ್ ಶಿಕಾಗೋದಲ್ಲಿ ತೆರೆದದ್ದು 1960ರ ಫೆಬ್ರವರಿ 29ರಂದು. ಮರುವರ್ಷ ಜನವರಿಯಲ್ಲಿ ಡಿಕ್ ಗ್ರೆಗರಿ ಎಂಬ ಕಪ್ಪು ಹಾಸ್ಯಗಾರನನ್ನು ಅಲ್ಲಿ ವೇದಿಕೆ ಹತ್ತಿಸಿದರು. ಎದುರಿಗೆ ಕುಳಿತಿದ್ದವರಲ್ಲಿ ಹೆಚ್ಚಿನವರು ದಕ್ಷಿಣದ ರಾಜ್ಯಗಳಿಂದ ಬಂದ ಬಿಳಿಯ ವ್ಯಾಪಾರಿಗಳು. ಗ್ರೆಗರಿ ವರ್ಣಭೇದದ ಬಗ್ಗೆಯೇ ಹಾಸ್ಯ ಮಾಡಿ ಅವರನ್ನು ಗೆದ್ದ. ಒಂದು ರಾತ್ರಿಯ ಕರೆ ವಾರಗಟ್ಟಲೆಯ ಕೆಲಸವಾಯಿತು. ಮಯಾಮಿ ಮತ್ತು ನ್ಯೂ ಆರ್ಲಿಯನ್ಸ್ ಕ್ಲಬ್‌ಗಳ ಪರವಾನಗಿ ಪಡೆದವರು ಕಪ್ಪು ಸದಸ್ಯರನ್ನು ಒಳಗೆ ಬಿಡಲಿಲ್ಲ ಎಂದು ತಿಳಿದಾಗ ಹೆಫ್ನರ್ ಕೈಯಿಂದ ಹಣ ತೆತ್ತು ಆ ಕ್ಲಬ್‌ಗಳನ್ನು ಹಿಂದಕ್ಕೆ ಕೊಂಡ. 1959ರಲ್ಲಿ ಶುರುವಾದ ಆತನ ಟೆಲಿವಿಷನ್ ಕಾರ್ಯಕ್ರಮದಲ್ಲಿ ನ್ಯಾಟ್ ಕಿಂಗ್ ಕೋಲ್, ಎಲಾ ಫಿಟ್ಜ್‌ಜೆರಾಲ್ಡ್ ಅಂಥವರು ಹಾಡಿ ಹೋಗಿಬಿಡುತ್ತಿರಲಿಲ್ಲ, ಬಿಳಿಯರ ಜೊತೆ ಅತಿಥಿಗಳಾಗಿ ಕುಳಿತು ಹರಟುತ್ತಿದ್ದರು. ಆಗಿನ ದಕ್ಷಿಣದಲ್ಲಿ ಅದನ್ನು ಪ್ರಸಾರ ಮಾಡಲು ಕೇಂದ್ರಗಳು ಹಿಂದೇಟು ಹಾಕಿದವು.

1965ರಲ್ಲಿ ಪ್ಲೇಬಾಯ್ ಪ್ರತಿಷ್ಠಾನ ಹುಟ್ಟಿತು. ಅದು ಕೈಹಾಕಿದ ಮೊದಲ ಪ್ರಕರಣಗಳಲ್ಲಿ ಒಂದು ನಮ್ಮ ವೃತ್ತಿಯವನದೇ. ವೆಸ್ಟ್ ವರ್ಜೀನಿಯಾದ ಒಬ್ಬ ರೇಡಿಯೋ ಡಿಸ್ಕ್ ಜಾಕಿ, ಪರಸ್ಪರ ಒಪ್ಪಿಗೆಯ ಖಾಸಗಿ ವರ್ತನೆಗಾಗಿ ಹಳೆಯ ಕಾನೂನಿನಡಿ ಜೈಲು ಸೇರಿದ್ದ. ಪ್ರತಿಷ್ಠಾನ ಅವನ ಮೇಲ್ಮನವಿಯ ಖರ್ಚು ವಹಿಸಿತು. ನಾಗರಿಕ ಸ್ವಾತಂತ್ರ್ಯದ ಸಂಘಟನೆಗಳಿಗೂ ಗರ್ಭಪಾತದ ಹಕ್ಕಿನ ಹೋರಾಟಕ್ಕೂ ಅದರಿಂದ ಹಣ ಹೋಯಿತು.

ಇನ್ನೊಂದು ಸಂಗತಿ ಕೇಳಿ. ಅಮೆರಿಕದ ಸಂಸತ್ತಿನ ಗ್ರಂಥಾಲಯ ಅಂಧ ಓದುಗರಿಗಾಗಿ 1970ರಿಂದ ಪ್ಲೇಬಾಯ್ ಪತ್ರಿಕೆಯ ಬ್ರೈಲ್ ಆವೃತ್ತಿ ತರುತ್ತಿತ್ತು. ಚಿತ್ರಗಳಿಲ್ಲ, ಬರೀ ಬರಹ. 1985ರಲ್ಲಿ ಸಂಸದರು ಅದರ ಅನುದಾನ ಕತ್ತರಿಸಿದರು. ಅಂಧರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಇದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು 1986ರಲ್ಲಿ ತೀರ್ಪು ಬಂದು ಬ್ರೈಲ್ ಪ್ರತಿ ಮತ್ತೆ ಶುರುವಾಯಿತು. ಲೇಖನಕ್ಕಾಗಿಯೇ ಪ್ಲೇಬಾಯ್ ಓದುತ್ತೇವೆ ಎಂದು ಎದೆತಟ್ಟಿ ಹೇಳಬಲ್ಲ ಓದುಗರು ಅವರೊಬ್ಬರೇ ಇರಬೇಕು.

ಕೇಳದ ಪುಟಗಳು

ಈಗ ಖಾತೆಯ ಇನ್ನೊಂದು ಬದಿ. 1963ರಲ್ಲಿ ಗ್ಲೋರಿಯಾ ಸ್ಟೈನಮ್ ಎಂಬ ಯುವ ಪತ್ರಕರ್ತೆ ಬೇರೆ ಹೆಸರು ಹೇಳಿಕೊಂಡು ನ್ಯೂಯಾರ್ಕಿನ ಪ್ಲೇಬಾಯ್ ಕ್ಲಬ್‌ನಲ್ಲಿ 'ಬನ್ನಿ'ಯಾಗಿ ಕೆಲಸಕ್ಕೆ ಸೇರಿದಳು. ಬನ್ನಿ ಎಂದರೆ ಮೊಲದ ಕಿವಿ, ಬಾಲ ತೊಟ್ಟು ಮದ್ಯ ಹಂಚುವ ಪರಿಚಾರಿಕೆ. ವಾರಕ್ಕೆ 200ರಿಂದ 300 ಡಾಲರ್ ಗಳಿಸಬಹುದು ಎಂದು ಜಾಹೀರಾತು ಆಸೆ ತೋರಿಸಿತ್ತು. ಒಳಗೆ ಹೋಗಿ ನೋಡಿದರೆ ಕೈಗೆ ಸಿಗುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಉಸಿರಾಡಲು ಬಿಡದಷ್ಟು ಬಿಗಿಯಾದ ಉಡುಪು, ಎತ್ತರದ ಹಿಮ್ಮಡಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸ, ಕೆಲಸಕ್ಕೆ ಸೇರುವ ಮೊದಲು ಅವಮಾನಕರವಾದ ವೈದ್ಯಕೀಯ ತಪಾಸಣೆ. ಮದ್ಯ ಹಂಚುವವಳಿಗೆ ಗುಹ್ಯರೋಗದ ಪರೀಕ್ಷೆ ಏಕೆ? 'ಶೋ' ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಆಕೆ ಬರೆದ ವರದಿ ದೊಡ್ಡ ಸದ್ದು ಮಾಡಿತು. ಆ ತಪಾಸಣೆಯನ್ನು ಹೆಫ್ನರ್ ಕೈಬಿಟ್ಟ. ಗಮನಿಸಿ, ಆಗ ಆತನ ಪತ್ರಿಕೆಯಲ್ಲಿ 'ಪ್ಲೇಬಾಯ್ ತತ್ವಶಾಸ್ತ್ರ' ಎಂಬ ಉದ್ದನೆಯ ಸಂಪಾದಕೀಯ ಮಾಲಿಕೆ ನಡೆಯುತ್ತಿತ್ತು, ವ್ಯಕ್ತಿ ಸ್ವಾತಂತ್ರ್ಯವೇ ಅದರ ಪಲ್ಲವಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ.

1970ರಲ್ಲಿ ಮಹಿಳಾ ವಿಮೋಚನೆಯ ಚಳವಳಿ ಬಿರುಸಾದಾಗ, ಈ ಹೋರಾಟಗಾರ್ತಿಯರು ನಮ್ಮ ಸಹಜ ಶತ್ರುಗಳು, ಇವರ ವಿರುದ್ಧ ಕಟುವಾದ ಲೇಖನ ಬೇಕು ಎಂಬರ್ಥದಲ್ಲಿ ಹೆಫ್ನರ್ ತನ್ನ ಸಂಪಾದಕರಿಗೆ ಬರೆದ ಟಿಪ್ಪಣಿ ಕಚೇರಿಯಿಂದ ಸೋರಿ ಹೊರಬಿತ್ತು. ಕಪ್ಪು ಜನರ ಮಾತನ್ನು ಪುಟಗಟ್ಟಲೆ ಕೇಳಿಸಿಕೊಂಡ ಪತ್ರಿಕೆಗೆ ಹೆಣ್ಣುಮಕ್ಕಳ ಮಾತು ಕೇಳುವ ವ್ಯವಧಾನ ಇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ವರ್ಣಭೇದ ಹೋದರೆ ಆತನ ವ್ಯಾಪಾರಕ್ಕೆ ನಷ್ಟವಿರಲಿಲ್ಲ. ಹೆಣ್ಣಿನ ತಕರಾರು ಕೇಳಿಸಿಕೊಂಡರೆ ನಡುಪುಟವೇ ಹೋಗುತ್ತಿತ್ತು.

ಆ ನಡುಪುಟದ ಮೇಲೆಯೇ ಅಲ್ಲವೇ ಸಾಮ್ರಾಜ್ಯ ನಿಂತದ್ದು? 1972ರ ನವೆಂಬರ್ ಸಂಚಿಕೆ 71 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ದಾಖಲೆ ಮಾಡಿತು. ಅದಕ್ಕೆ ಹಿಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಸುಮಾರು ಹತ್ತೂವರೆ ಲಕ್ಷ ಡಾಲರಿಗೆ ಮಹಲು ಕೊಂಡಿದ್ದಾಗಿತ್ತು. 1980ರಲ್ಲಿ 'ವರ್ಷದ ಪ್ಲೇಮೇಟ್' ಎಂದು ಆರಿಸಿದ್ದು ಕೆನಡಾದ ವ್ಯಾಂಕೂವರ್‌ನ ಡೊರೊಥಿ ಸ್ಟ್ರಾಟನ್ ಎಂಬ ಇಪ್ಪತ್ತರ ಹುಡುಗಿಯನ್ನು. ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳನ್ನು ಪತ್ರಿಕೆಗೆ ತಂದು ನಿಲ್ಲಿಸಿದ ಗಂಡನೇ, ಬೇರೆಯಾದ ಮೇಲೆ, ಅದೇ ವರ್ಷ ಆಗಸ್ಟ್ 14ರಂದು ಅವಳನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಅವಳನ್ನು ಪ್ರೀತಿಸುತ್ತಿದ್ದ ಚಲನಚಿತ್ರ ನಿರ್ದೇಶಕ ಪೀಟರ್ ಬೊಗ್ಡನೊವಿಚ್ 1984ರ ತನ್ನ ಪುಸ್ತಕದಲ್ಲಿ ಹೆಫ್ನರ್ ಮತ್ತು ಆ ಮಹಲಿನ ರೀತಿನೀತಿಯ ಮೇಲೂ ಹೊಣೆ ಹೊರಿಸಿದ. ಹೆಫ್ನರ್ ಬಲವಾಗಿ ನಿರಾಕರಿಸಿದ. ಮರುವರ್ಷ ತನಗೆ ಪಾರ್ಶ್ವವಾಯು ಬಡಿದದ್ದಕ್ಕೆ ಆ ಪುಸ್ತಕ ತಂದ ನೋವೂ ಕಾರಣ ಎಂದ. ಕೊಲೆ ಮಾಡಿದವನು ಗಂಡ, ನಿಜ. ಆದರೆ ಅವಳ ಸುತ್ತ ಇದ್ದ ಗಂಡಸರೆಲ್ಲ ಅವಳಲ್ಲಿ ತಮಗೆ ಬೇಕಾದ್ದನ್ನು ಕಂಡರು. ಅವಳಿಗೆ ಏನು ಬೇಕು ಎಂದು ಕೇಳಿದವರ ಲೆಕ್ಕ ಕಡಿಮೆ.

ತೀರಿಕೊಂಡ ಮೇಲೆ

ಹೆಫ್ನರ್ 2017ರ ಸೆಪ್ಟೆಂಬರ್ 27ರಂದು, 91ನೆಯ ವಯಸ್ಸಿನಲ್ಲಿ ಅದೇ ಮಹಲಿನಲ್ಲಿ ತೀರಿಕೊಂಡ. ಹಿಂದಿನ ವರ್ಷವೇ ಅದನ್ನು ಹತ್ತು ಕೋಟಿ ಡಾಲರಿಗೆ ಮಾರಲಾಗಿತ್ತು, ಆತ ಬದುಕಿರುವ ತನಕ ಅಲ್ಲೇ ಇರಬಹುದು ಎಂಬ ಷರತ್ತಿನ ಮೇಲೆ. ಸಾವಿನ ಎಂಟು ದಿನಗಳ ನಂತರ, ಅಕ್ಟೋಬರ್ 5ರಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಚಿತ್ರ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್ ಮೇಲಿನ ಆರೋಪಗಳ ವರದಿ ಪ್ರಕಟಿಸಿತು. 'ಮೀ ಟೂ' ಎಂಬ ಕೂಗು ದೇಶದೇಶಗಳಿಗೆ ಹಬ್ಬಿತು. ಶ್ರದ್ಧಾಂಜಲಿಯ ಶಾಯಿ ಆರುವ ಮೊದಲೇ ಅಳತೆಗೋಲು ಬದಲಾಗಿತ್ತು.

ಆಮೇಲೆ ಹೆಂಗಸರ ಮಾತು ಒಂದೊಂದಾಗಿ ಹೊರಬಂತು. ಮಹಲಿನಲ್ಲಿ ವಾಸವಿದ್ದ ಹಾಲಿ ಮ್ಯಾಡಿಸನ್ 2015ರಲ್ಲೇ ಅಲ್ಲಿನ ಕಟ್ಟುಪಾಡುಗಳ ಬಗ್ಗೆ ಪುಸ್ತಕ ಬರೆದಿದ್ದಳು. 2022ರ ಜನವರಿಯಲ್ಲಿ ಬಂದ ಸಾಕ್ಷ್ಯಚಿತ್ರ ಮಾಲಿಕೆಯಲ್ಲಿ ಹಳೆಯ ಸಂಗಾತಿಯರು, ನೌಕರರು ಮಾದಕ ವಸ್ತು, ಒತ್ತಾಯ, ದೌರ್ಜನ್ಯಗಳ ಆರೋಪ ಮಾಡಿದರು. ಆರೋಪಿ ಉತ್ತರ ಕೊಡಲು ಬದುಕಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆತನ ಮಗ ಕೂಪರ್ ಇವೆಲ್ಲ ಸುಳ್ಳು ಎಂದ. ನೂರಾರು ಮಂದಿ ಮಾಜಿ ಪ್ಲೇಮೇಟ್‌ಗಳು ಮತ್ತು ಸಿಬ್ಬಂದಿ ಹೆಫ್ನರ್ ಪರವಾಗಿ ಪತ್ರಕ್ಕೆ ಸಹಿ ಹಾಕಿದರು. ಕಂಪನಿ ಮಾತ್ರ, ಹೆಫ್ನರ್ ಕುಟುಂಬಕ್ಕೂ ತನಗೂ ಈಗ ಸಂಬಂಧವಿಲ್ಲ ಎಂದು ಬಹಿರಂಗ ಪತ್ರ ಬರೆದು ಕೈತೊಳೆದುಕೊಂಡಿತು. ಅದೇ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸಿವಿಲ್ ನ್ಯಾಯಾಲಯದ ಜ್ಯೂರಿ, 1975ರಲ್ಲಿ ಇದೇ ಮಹಲಿನಲ್ಲಿ ಹದಿನಾರು ವರ್ಷದ ಹುಡುಗಿಯ ಮೇಲೆ ನಟ ಬಿಲ್ ಕಾಸ್ಬಿ ದೌರ್ಜನ್ಯ ಎಸಗಿದ್ದ ಎಂದು ತೀರ್ಮಾನಿಸಿ ಐದು ಲಕ್ಷ ಡಾಲರ್ ಪರಿಹಾರ ವಿಧಿಸಿತು. ಕಾಸ್ಬಿ ಆರೋಪ ಅಲ್ಲಗಳೆದಿದ್ದ. ಆ ಹುಡುಗಿಯ ಮಾತಿಗೆ ತೀರ್ಪು ಸಿಗಲು 47 ವರ್ಷ ಹಿಡಿಯಿತು.

2024ರಲ್ಲಿ ಆತನ ಕೊನೆಯ ಹೆಂಡತಿ ಕ್ರಿಸ್ಟಲ್ ತನ್ನ ಆತ್ಮಕಥೆ ಪ್ರಕಟಿಸಿದಳು. ತಾನು ಹೋದ ಮೇಲೆ ನನ್ನ ಬಗ್ಗೆ ಒಳ್ಳೆಯದನ್ನಷ್ಟೇ ಹೇಳು ಎಂದು ಗಂಡ ಮಾತು ತೆಗೆದುಕೊಂಡಿದ್ದ ಎನ್ನುತ್ತಾಳೆ. ಪುಸ್ತಕದ ಹೆಸರೇ ಅದು. ಜೀವಮಾನವಿಡೀ ವಾಕ್ ಸ್ವಾತಂತ್ರ್ಯಕ್ಕಾಗಿ ಕೋರ್ಟು ಕಚೇರಿ ಹತ್ತಿದ ಮನುಷ್ಯ ತನ್ನ ಮನೆಯೊಳಗಿನವಳಿಂದ ಕೇಳಿದ್ದು ಇದನ್ನು.

ನಮ್ಮ ಊರುಗಳವರೆಗೆ

ಈ ಮೊಲ ನಮ್ಮ ಊರುಗಳಿಗೂ ಬಂದದ್ದುಂಟು. 1970ರ ದಶಕದ ಆರಂಭದಲ್ಲಿ ಮುಂಬಯಿಯಿಂದ ಹೊರಟ 'ಡೆಬೊನೇರ್' ಪತ್ರಿಕೆಗೆ ಪ್ಲೇಬಾಯ್ ಮಾದರಿ. ನಡುಪುಟದ ಚಿತ್ರದ ಜೊತೆ ಗಂಭೀರ ಸಂದರ್ಶನ, ಕಥೆ, ಇಂಗ್ಲಿಷಿನಲ್ಲಿ ಬರೆಯುವ ಭಾರತೀಯ ಕವಿಗಳ ಕವಿತೆ. ಅದರ ಸಂಪಾದಕರಾಗಿದ್ದ ವಿನೋದ್ ಮೆಹ್ತಾ ಮುಂದೆ 'ಔಟ್‌ಲುಕ್' ವಾರಪತ್ರಿಕೆಯ ಸ್ಥಾಪಕ ಸಂಪಾದಕರಾದರು. ಇನ್ನು, ಗೋವಾದ ಕಡಲತೀರದಲ್ಲಿ ಪ್ಲೇಬಾಯ್ ಹೆಸರಿನ ಕ್ಲಬ್ ತೆರೆಯುವ ಯೋಜನೆಗೆ 2013ರಲ್ಲಿ ಅಲ್ಲಿನ ಸರ್ಕಾರ ಅನುಮತಿ ಕೊಡಲಿಲ್ಲ.

ಆದರೆ ನಿಮ್ಮಲ್ಲಿ ಬಹಳ ಮಂದಿಗೆ, ಅದರಲ್ಲೂ ಪುಣೆ, ಹೈದರಾಬಾದ್, ಚೆನ್ನೈಯ ಸಾಫ್ಟ್‌ವೇರ್ ಮಿತ್ರರಿಗೆ, ಪ್ಲೇಬಾಯ್‌ನ ಒಂದು ಚಿತ್ರ ಗೊತ್ತಿರಬಹುದು. ಟೋಪಿ ಧರಿಸಿ, ಭುಜದ ಮೇಲಿಂದ ತಿರುಗಿ ನೋಡುವ ಹೆಣ್ಣಿನ ಮುಖ. ಇಮೇಜ್ ಪ್ರೋಸೆಸಿಂಗ್ ಪಠ್ಯಗಳಲ್ಲಿ 'ಲೆನ್ನಾ' ಎಂದು ಹೆಸರು. ಆಕೆ ಸ್ವೀಡನ್ನಿನ ಲೆನಾ. ಮೇಲೆ ಹೇಳಿದ ದಾಖಲೆಯ 1972ರ ನವೆಂಬರ್ ಸಂಚಿಕೆಯ ನಡುಪುಟದವಳು. 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಒಂದು ಒಳ್ಳೆಯ ಚಿತ್ರ ಬೇಕೆಂದು ಹುಡುಕುತ್ತಿದ್ದಾಗ ಯಾರದೋ ಕೈಯಲ್ಲಿದ್ದ ಆ ಸಂಚಿಕೆಯ ನಡುಪುಟವನ್ನು ಭುಜದವರೆಗಷ್ಟೇ ಸ್ಕ್ಯಾನ್ ಮಾಡಿದರು. ಮುಂದೆ ಅದೇ ಚಿತ್ರ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು. ಆಕೆಗೆ ಇದು ಗೊತ್ತೇ ಇರಲಿಲ್ಲ. 1997ರಲ್ಲಿ ತಂತ್ರಜ್ಞರ ಸಮ್ಮೇಳನಕ್ಕೆ ಅತಿಥಿಯಾಗಿ ಬಂದು ನಗುನಗುತ್ತಲೇ ಇದ್ದಳು. ಆದರೆ 2019ರ ಸಾಕ್ಷ್ಯಚಿತ್ರವೊಂದರಲ್ಲಿ, ರೂಪದರ್ಶಿಯ ಕೆಲಸದಿಂದ ಯಾವತ್ತೋ ನಿವೃತ್ತಳಾದೆ, ತಂತ್ರಜ್ಞಾನದಿಂದಲೂ ನಿವೃತ್ತಿ ಕೊಡಿ ಎಂಬರ್ಥದ ಮಾತಾಡಿದಳು. 2024ರ ಏಪ್ರಿಲ್ 1ರಿಂದ ಐಟ್ರಿಪಲ್‌ಇ ಕಂಪ್ಯೂಟರ್ ಸೊಸೈಟಿ ಆ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಪತ್ರಿಕೆಗೆ ನಿಲ್ಲಲು ಆಕೆ ಒಪ್ಪಿದ್ದಳು. ಆಮೇಲಿನ ಅರ್ಧ ಶತಮಾನಕ್ಕೆ ಒಪ್ಪಿಗೆ ಕೇಳಿದವರಿಲ್ಲ.

ಹಾಗಾದರೆ ಲೆಕ್ಕ?

ಪತ್ರಿಕೆಯ ಗತಿ ಏನಾಯಿತು ಎಂದು ಕೇಳಿದರೆ, ಇಂಟರ್‌ನೆಟ್ ಬಂದ ಮೇಲೆ ಅದರ ಚಿತ್ರಗಳಿಗೆ ಬೆಲೆ ಉಳಿಯಲಿಲ್ಲ. 2016ರಲ್ಲಿ ನಗ್ನಚಿತ್ರ ನಿಲ್ಲಿಸಿದರು, 2017ರಲ್ಲಿ ಮತ್ತೆ ತಂದರು, 2020ರಲ್ಲಿ ಅಮೆರಿಕದ ಮುದ್ರಿತ ಆವೃತ್ತಿಯೇ ನಿಂತಿತು, 2025ರಲ್ಲಿ ವಾರ್ಷಿಕ ಸಂಚಿಕೆಯಾಗಿ ಮತ್ತೆ ಅಚ್ಚಾಯಿತು.

ಆತನ ಪರ ಇರುವವರು ಹೇಳುವುದು ಹೀಗೆ: ಯಾರನ್ನೂ ಬಲವಂತದಿಂದ ನಡುಪುಟಕ್ಕೆ ತಂದಿಲ್ಲ, ಹಣ ಕೊಟ್ಟಿದ್ದಾನೆ, ಅನೇಕ ಹೆಣ್ಣುಮಕ್ಕಳು ಅದನ್ನು ಹೆಮ್ಮೆಯಿಂದ ನೆನೆಯುತ್ತಾರೆ, ದೇಹದ ಬಗ್ಗೆ ನಾಚಿಕೆಯ ಸಂಕೋಲೆ ಕಡಿದದ್ದು ಹೆಣ್ಣಿಗೂ ಬಿಡುಗಡೆಯೇ. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ವಿರೋಧಿಗಳು ಹೇಳುವುದು: ಆ ಬಿಡುಗಡೆಯ ನಕ್ಷೆ ಬರೆದವನು ಗಂಡಸು, ಅದರಲ್ಲಿ ಹೆಣ್ಣಿಗೆ ಇದ್ದದ್ದು 'ಹೂಂ' ಎನ್ನುವ ಸ್ವಾತಂತ್ರ್ಯ ಮಾತ್ರ, 'ಊಹೂಂ' ಎನ್ನುವುದಲ್ಲ.

ಸಾಮಾನ್ಯವಾಗಿ ಇಂಥಲ್ಲಿ ನಾವು ತಕ್ಕಡಿ ಹಿಡಿಯುತ್ತೇವೆ. ಒಂದು ತಟ್ಟೆಯಲ್ಲಿ ಕಿಂಗ್ ಅವರ ಸಂದರ್ಶನ, ಇನ್ನೊಂದರಲ್ಲಿ ಸ್ಟ್ರಾಟನ್‌ಳ ಸಾವು, ಯಾವುದು ಭಾರ? ನನಗೆ ಈ ತಕ್ಕಡಿಯೇ ಸರಿ ಕಾಣುವುದಿಲ್ಲ. ಒಬ್ಬರಿಗೆ ಆದ ಉಪಕಾರವನ್ನು ಇನ್ನೊಬ್ಬರಿಗೆ ಆದ ಅಪಕಾರದಲ್ಲಿ ಕಳೆಯಲು ಬರುವುದಿಲ್ಲ. ಡಿಕ್ ಗ್ರೆಗರಿಗೆ ಸಿಕ್ಕ ವೇದಿಕೆ ನಿಜ, ಬನ್ನಿಗಳಿಗೆ ಆದ ಅವಮಾನವೂ ನಿಜ; ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ. ಎರಡನ್ನೂ ಬರೆದಿಡಬೇಕು. ಬರೆದಿಟ್ಟಾಗ ಕಾಣುವುದು ಒಂದೇ ಮನುಷ್ಯ: ಗಂಡಸರ ಮಾತು ಕೇಳುವಾಗ ಕಾಲಕ್ಕಿಂತ ಮುಂದಿದ್ದವನು, ಹೆಂಗಸರ ಮಾತು ಕೇಳುವಾಗ ತಾನು ಬೈದ ಆ ಹಳೆಯ ಕಾಲದಲ್ಲೇ ಉಳಿದವನು.

ಕೊನೆಯದಾಗಿ ಒಂದು ಸಂಗತಿ. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ಸ್ಮಶಾನದಲ್ಲಿ ಮರ್ಲಿನ್ ಮನ್ರೋ ಸಮಾಧಿ ಇದೆ. ಆಕೆ 1962ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡವಳು. ಹೆಫ್ನರ್ ಹುಟ್ಟಿದ ವರ್ಷವೇ ಹುಟ್ಟಿದವಳು. 1992ರಲ್ಲಿ ಹೆಫ್ನರ್ ಆಕೆಯ ಪಕ್ಕದ ಗೂಡನ್ನು 75,000 ಡಾಲರಿಗೆ ಕೊಂಡ. ಈಗ ಅಲ್ಲೇ ಮಲಗಿದ್ದಾನೆ. ಆತನಿಗೆ ಅದೊಂದು ಪ್ರೀತಿಯ ಗೌರವ ಎನಿಸಿರಬಹುದು. 50 ಡಾಲರಿನ ಆ ಚಿತ್ರದಿಂದ ಶುರುವಾದ ವ್ಯವಹಾರದಲ್ಲಿ ಇದೂ ಕಾನೂನಿಗೆ ಸರಿಯಾದ ಕ್ರಯವೇ. ಈ ಬಾರಿಯೂ ಆಕೆಯನ್ನು ಕೇಳುವವರು ಯಾರೂ ಇರಲಿಲ್ಲ.